ಕಾಸ್ಟಿಕ್ ಸೋಡಾದಲ್ಲಿ ಕರಗಿದ ಎಂಟು ಲಡಿ

ಸಿರುಮುಗೈಯಲ್ಲಿ ನನ್ನನ್ನು ಹೆಸರು ಹಿಡಿದು ಗುರುತಿಸುವವರು ಕಡಿಮೆ. "ತನ್ನ ಮದುವೆ ಸೀರೆಯ ಪಟ್ಟನ್ನ ತಾನೇ ನೀರು ಮಾಡಿದಳಲ್ಲ, ಆ ಹುಡುಗಿ" ಅಂದರೆ ಮಾತ್ರ ನಾಲ್ಕೂ ಬೀದಿಗೆ ತಿಳಿಯುತ್ತದೆ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ನಮ್ಮ ಬೀದಿಯ ಮೊದಲ ಹೆಣ್ಣು ನಾನು. ಅದನ್ನು ಯಾರೂ ಹೇಳುವುದಿಲ್ಲ. ಪದವಿಗೆ ಮೂರು ವರ್ಷ ಹಿಡಿಯಿತು, ಪಟ್ಟು, ಅಂದರೆ ರೇಷ್ಮೆ, ಕರಗುವುದಕ್ಕೆ ಇಪ್ಪತ್ತು ನಿಮಿಷ. ಊರು ನೆನಪಿಟ್ಟುಕೊಂಡಿರುವುದು ಆ ಇಪ್ಪತ್ತು ನಿಮಿಷವನ್ನು. ಮೊದಲೆಲ್ಲ ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಈಗ ನಾನೇ ಬರೆದುಬಿಡೋಣ ಅನ್ನಿಸಿದೆ. ಬೇರೆಯವರು ಹೇಳುವಾಗ ಪಟ್ಟು ಕರಗಿದ ಪಾತ್ರೆಯ ಗಾತ್ರ ವರ್ಷಕ್ಕೊಮ್ಮೆ ದೊಡ್ಡದಾಗುತ್ತಿದೆ.

ನಮ್ಮದು ನೇಯ್ಗೆಯ ಮನೆ. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಘಾಟಿ ಇಳಿದು ಬಂದು ಭವಾನಿ ಹೊಳೆಯ ದಡದಲ್ಲಿ ಮಗ್ಗ ಹೂಡಿದವರು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು. ಕನ್ನಡ ಅಕ್ಷರ ಮನೆಯಲ್ಲಿ ಯಾರಿಗೂ ಬಾರದು. ನಾನು ಕಲಿತದ್ದು ತಿರುಪ್ಪೂರಿಗೆ ಕೆಲಸಕ್ಕೆ ಹೋದ ಮೇಲೆ, ದಾವಣಗೆರೆ ಕಡೆಯಿಂದ ಬಂದಿದ್ದ ಒಬ್ಬ ಗೆಳತಿಯಿಂದ. ನನ್ನ ಮಾತು ಕೇಳಿ ಮೊದಲ ದಿನ ಅವಳು, "ಇದು ಕನ್ನಡ ಹೌದು, ಆದರೆ ಯಾವ ಊರಿಂದು ಅಂತ ಗೊತ್ತಾಗ್ತಿಲ್ಲ" ಅಂದಿದ್ದಳು. ನಾನು ಒಂದು ವಾರ ಅವಳ ಜೊತೆ ಊಟಕ್ಕೆ ಕೂರಲಿಲ್ಲ. ನನ್ನ ಸ್ವಭಾವ ಹಾಗೆ.

ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. ಅಪ್ಪ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುವುದು. ಅಮ್ಮ ನೂಲು ಸುತ್ತುತ್ತಿದ್ದಳು. ಪಟ್ಟನ್ನು ಬೇಯಿಸುವುದು, ಬಣ್ಣಕ್ಕೆ ಅದ್ದುವುದು ಅಪ್ಪನ ತಾಯಿಯ ಪಾಲು, ಅಂದರೆ ನಮ್ಮ ಅಜ್ಜಿಯದು. ಹಸಿ ಪಟ್ಟು ನೋಡಿದವರಿಗೆ ಗೊತ್ತು, ಅದರಲ್ಲಿ ಹೊಳಪಿರುವುದಿಲ್ಲ, ಕೈಗೆ ಒರಟು. ಹುಳು ನೂಲು ಬಿಡುವಾಗ ಮೇಲೊಂದು ಗೋಂದು ಸವರಿರುತ್ತದೆ. ಸೋಪಿನ ನೀರಿನಲ್ಲಿ ಹದವಾಗಿ ಬೇಯಿಸಿ ಆ ಗೋಂದನ್ನು ಕಳೆದರೇ ಒಳಗಿನ ಪಟ್ಟು ಹೊರಗೆ ಬರುವುದು. ಅಜ್ಜಿಯದು ಎರಡು ಗಂಟೆಯ ಕೆಲಸ. ಹೊಳೆಯ ನೀರೇ ಆಗಬೇಕು, ಬೋರ್‌ವೆಲ್ ನೀರಾದರೆ ಸೋಪು ಒಡೆದು ಮೊಸರಿನ ಹಾಗೆ ತೇಲುತ್ತದೆ. ಸೋಪನ್ನು ಕತ್ತಿಯಿಂದ ತೆಳ್ಳಗೆ ಹೆರೆದು ಹಾಕಬೇಕು. ನೀರು ಕುದಿಯುವ ಹಾಗಿರಬೇಕು ಆದರೆ ಕುಣಿಯಬಾರದು. ಮಧ್ಯೆ ಮಧ್ಯೆ ಕೋಲಿನಿಂದ ಲಡಿಯನ್ನು, ಅಂದರೆ ನೂಲಿನ ಸುತ್ತನ್ನು, ಎತ್ತಿ ತಿರುಗಿಸಬೇಕು. ಎರಡು ಗಂಟೆಯೂ ಅವಳು ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ, ಬಂದ ಸೊಸೆ ಮಗಳು ಯಾರನ್ನೂ ಕೋಲು ಮುಟ್ಟಲು ಬಿಡುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಪದ್ಧತಿ. ಮಗಳ ಮುಹೂರ್ತದ ಸೀರೆಯನ್ನು ಅಂಗಡಿಯಲ್ಲಿ ಕೊಳ್ಳುವ ಹಾಗಿಲ್ಲ, ಮನೆಯ ಮಗ್ಗದಿಂದಲೇ ಇಳಿಯಬೇಕು. ಅದರ ನೂಲನ್ನು ಒಳ್ಳೆಯ ದಿನ ನೋಡಿ ತಂದು ಚೌಡಮ್ಮನ ಪಟದ ಮುಂದಿಟ್ಟು ಪೂಜೆ ಮಾಡುತ್ತಾರೆ. ಒಮ್ಮೆ ಹಾಗೆ ತಂದರೆ ಆಯಿತು. ಅದೇ ಮಗಳಿಗೆ ಎರಡನೇ ಸಲ ಮದುವೆ ನೂಲು ಕೊಂಡರೆ ಅವಳಿಗೆ ಎರಡು ಮದುವೆ ಆಗುತ್ತದೆ ಎಂದು ನಂಬಿಕೆ. ನೂಲು ಸಾಲದೆ ಹೋದರೆ ಮನೆಯಲ್ಲಿ ಮೊದಲೇ ಇದ್ದ ನೂಲನ್ನು ಸೇರಿಸಬಹುದು, ಹೊಸದಾಗಿ ತರುವಂತಿಲ್ಲ. ಇದನ್ನು ಕೇಳಿ ನಾನು ಚಿಕ್ಕಂದಿನಲ್ಲಿ ನಕ್ಕಿದ್ದೇನೆ.

ಇನ್ನು ಅಜ್ಜಿಯ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ. ಪ್ರತಿ ಸಲ ಒಳ್ಳೆಯ ನೂಲು ಬಂದಾಗ ಅದರಲ್ಲಿ ಒಂದು ಲಡಿಯನ್ನು ಬೇಯಿಸದೆ ಬೇವಿನ ಎಲೆಯ ನಡುವೆ ಆ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಅದು ಅವಳ "ಹೋಗೋ ಸೀರೆ"ಯ ನೂಲು, ಸತ್ತಾಗ ಮೈಮೇಲೆ ಹೊದಿಸುವ ಸೀರೆಗೆಂದು. "ಬರುವಾಗ ಅಪ್ಪನ ಮನೆ ಮಗ್ಗದ ಸೀರೆ ಉಟ್ಕೊಂಡು ಬಂದೆ, ಓಗುವಾಗ ಗಂಡನ ಮನೆ ಮಗ್ಗದ್ದು ಸುತ್ಕೊಂಡು ಓಗ್ತೀನಿ" ಎನ್ನುತ್ತಿದ್ದಳು, ನಾಳೆ ಮೇಟುಪಾಳೆಯಂ ಬಸ್ಸು ಹತ್ತುವವಳ ಹಾಗೆ. ಅಮ್ಮನಿಗೆ ಆ ಪೆಟ್ಟಿಗೆ ಕಂಡರೆ ಭಯ. ಕಸ ಗುಡಿಸುವಾಗ ಅದರ ಸುತ್ತ ಪೊರಕೆ ಓಡಿಸುತ್ತಿದ್ದಳೇ ಹೊರತು ಅದನ್ನು ಸರಿಸುತ್ತಿರಲಿಲ್ಲ.

ನಾನು ಕೊಯಮತ್ತೂರಿನಲ್ಲಿ ಓದಿ, ತಿರುಪ್ಪೂರಿನ ಒಂದು ಬನಿಯನ್ ಬಟ್ಟೆಯ ಬಣ್ಣದ ಕಾರ್ಖಾನೆಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದೆ. ಬಿಳಿ ಕೋಟು, ಕೈಗವಸು, ಗಾಜಿನ ಕೊಳವೆ. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ನನಗೆ ಬಿಳಿ ಕೋಟು ಬಂತು. ಭಾನುವಾರ ಊರಿಗೆ ಬಂದರೆ ಬೀದಿಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಪಾಠ ಹೇಳುತ್ತಿದ್ದೆ. ಪಾಠ ತಮಿಳಿನಲ್ಲಿ, ಸೂತ್ರ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಅಜ್ಜಿ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಉಪ್ಪಿನ ಪಾಠ. ಸೋಡಿಯಂ ಎಂಬ ಲೋಹ ಇದೆ, ನೀರಿಗೆ ಹಾಕಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಕ್ಲೋರಿನ್ ಎಂಬ ಅನಿಲ ಇದೆ, ಅದು ವಿಷ. ಸೋಡಿಯಂ ಪರಮಾಣುವಿನ ಹೊರಗಿನ ಸುತ್ತಿನಲ್ಲಿ ಒಂದೇ ಒಂದು ಎಲೆಕ್ಟ್ರಾನ್, ಅದನ್ನು ಯಾರಿಗಾದರೂ ಕೊಟ್ಟರೆ ಸಾಕು ಎಂದು ಕಾದಿರುತ್ತದೆ. ಕ್ಲೋರಿನ್ನಿಗೆ ಒಂದು ಕಡಿಮೆ, ಯಾರಿಂದಾದರೂ ಕಿತ್ತುಕೊಂಡರೆ ಸಾಕು ಎಂದು ಕಾದಿರುತ್ತದೆ. ಒಂದು ಕೊಟ್ಟಿತು, ಇನ್ನೊಂದು ತೆಗೆದುಕೊಂಡಿತು, ಎರಡೂ ಅಂಟಿಕೊಂಡವು. ಅದೇ ಬಂಧ. ಅದೇ ನಮ್ಮ ಉಪ್ಪು.

"ಕಲ್ಯಾಣದ ಬ್ರೋಕರು ಮಾಡೋದೂ ಅದೇ ವೇಲೆ" ಅಂದಳು ಅಜ್ಜಿ ಕಂಬದ ಕಡೆಯಿಂದ. ಮಕ್ಕಳು ನಕ್ಕವು. ನನ್ನನ್ನು ಮುದ್ದಿಗೆ ಅಮ್ಮಿಣಿ ಎನ್ನುವ ಅವಳು ಅಲ್ಲಿಗೆ ಬಿಡಲಿಲ್ಲ. "ಇರು ಅಮ್ಮಿಣಿ. ಆ ಬೆಂಕಿ ಹತ್ತೋ ಲೋಹ ಈಗ ಉಪ್ಪಿನೊಳಗೆ ಐತಾ?"

"ಐತೆ."

"ಬೆಳಗ್ಗೆ ಸಾರಿಗೆ ಉಪ್ಪು ಆಕ್ದೆ. ಯಾಕೆ ಬೆಂಕಿ ಹತ್ಲಿಲ್ಲ?"

ನಾನು ತಾಳ್ಮೆಯ ದೊಡ್ಡ ಉಸಿರೊಂದನ್ನು ಬಿಟ್ಟು, ಮಕ್ಕಳಿಗೂ ಕೇಳುವ ಹಾಗೆ, "ಅಜ್ಜಿ, ಸೇರಿದ ಮೇಲೆ ಅದು ಬೇರೆ ವಸ್ತು. ಹಳೆ ಗುಣ ಉಳಿಯಲ್ಲ. ಇಷ್ಟೂ ತಿಳೀಬಾರದಾ?" ಎಂದೆ. ಅಜ್ಜಿ ತಲೆಯಾಡಿಸಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಈ ಮಾತನ್ನು ಅವಳು ಎಲ್ಲಿ ಇಟ್ಟುಕೊಂಡಿದ್ದಳೋ ಆಗ ನನಗೆ ಗೊತ್ತಿರಲಿಲ್ಲ.

ನನಗೆ ಕಾಂಗೇಯಂನಲ್ಲಿ ಸಂಬಂಧ ಕುದುರಿತು. ಅವರೂ ನಮ್ಮವರೇ, ಅಜ್ಜನ ಕಾಲದಲ್ಲಿ ಮಗ್ಗ ಬಿಟ್ಟು ತೆಂಗಿನೆಣ್ಣೆಯ ಮಿಲ್ಲು ಇಟ್ಟವರು. ಹುಡುಗ ಮಿಲ್ಲು ನೋಡಿಕೊಳ್ಳುತ್ತಿದ್ದ. ಹತ್ತಿರ ಕೂತರೆ ಹೊಸ ಕೊಬ್ಬರಿಯ ವಾಸನೆ, ಮಾತು ಕಡಿಮೆ, ನಗು ಜಾಸ್ತಿ. ಮಾತಿನ ಕೊರತೆಯನ್ನು ನಾನು ತುಂಬಬಲ್ಲೆ ಎಂದು ನಮ್ಮ ಮನೆಯವರೆಲ್ಲ ಒಮ್ಮತದಿಂದ ಹೇಳಿದರು. ಮುಹೂರ್ತ ನಿಗದಿಯಾಯಿತು. ನೂಲು ತಂದು ಚೌಡಮ್ಮನ ಮುಂದಿಟ್ಟದ್ದೂ ಆಯಿತು. ಉದ್ದಕ್ಕೆ ಓಡುವ ಹಾಸಿನ ನೂಲನ್ನು ಅಜ್ಜಿ ಬೇಯಿಸಿ, ಅರಗಿನ ಕೆಂಪಿಗೆ ಅದ್ದಿ ಮುಗಿಸಿದಳು. ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಎಂಟು ಲಡಿ ಉಳಿಯಿತು.

ಅಷ್ಟರಲ್ಲಿ ಅಜ್ಜಿಯ ಕಣ್ಣಿನ ಪೊರೆ. ಮದುವೆಯಲ್ಲಿ ಮಾಪ್ಪಿಳ್ಳೆಯ, ಅಂದರೆ ಮದುಮಗನ, ಮುಖ ಸರಿಯಾಗಿ ನೋಡಬೇಕು ಎಂದು ಅವಳೇ ಹಟ ಹಿಡಿದು ಕೊಯಮತ್ತೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡಳು. "ಪಾಟ್ಟಿ, ಅಡುಪ್ಪು ಪಕ್ಕಂ ಪೋಗಕ್ಕೂಡಾದು" ಅಂದರು ಡಾಕ್ಟರಮ್ಮ. ಒಲೆಯ ಹತ್ತಿರ ಸುಳಿಯಬಾರದು. ನಲವತ್ತು ದಿನ ಹೊಗೆಯಿಲ್ಲ, ಆವಿಯಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿ ಮುಂದಿನ ಕೋಣೆಯಲ್ಲಿ ಕೂತಳು, ಗಡಿ ಕಾಯುವ ಪೊಲೀಸಿನ ಹಾಗೆ. ಅಪ್ಪ ಮಗ್ಗಕ್ಕೆ ಹಾಸು ಹೂಡಿ ಹೊಕ್ಕಿಗೆ ಕಾದ. ನಲವತ್ತು ದಿನ ಕಾದರೆ ಮುಹೂರ್ತದೊಳಗೆ ಸೀರೆ ಇಳಿಯುವುದಿಲ್ಲ. ಅಮ್ಮನಿಗೆ ಬೇಯಿಸಿ ಗೊತ್ತಿಲ್ಲ.

"ನಾನಿದೀನಲ್ಲ" ಎಂದೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಹತ್ತಿರ ಕೂರಿಸಿಕೊಂಡಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳಿಕೊಟ್ಟಳು. ಹೊಳೆಯ ನೀರು, ಸೋಪಿನ ಹೆರೆತ, ಚಿಟಿಕೆ ಸೋಡಾ, ಎರಡು ಗಂಟೆ. ನಾನು ಹೂಂ ಹೂಂ ಅಂದೆ. ಹೂಂ ಅನ್ನುತ್ತಲೇ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಸೋಪು ಎಂದರೇನು? ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದರೆ ಸೋಪು. ಇದರಲ್ಲಿ ಕೊಳೆ ಕೀಳುವ ಗಂಡಸುತನ ಯಾರದು? ಕಾಸ್ಟಿಕ್ಕಿನದು. ಎಣ್ಣೆ ಬರೀ ಜೊತೆಗೆ ಬಂದ ನೆಂಟ. ನಮ್ಮ ಕಾರ್ಖಾನೆಯಲ್ಲಿ ಹತ್ತಿ ಬಟ್ಟೆಯನ್ನು ದಿನಾ ಕಾಸ್ಟಿಕ್ಕಿನಲ್ಲೇ ಕುದಿಸುತ್ತೇವೆ, ಮೇಣ ಗೀಣ ಎಲ್ಲ ಕಿತ್ತುಕೊಂಡು ಹೋಗಿ ಬಟ್ಟೆ ಹಾಲಿನ ಹಾಗೆ ಆಗುತ್ತದೆ. ಹಾಗಿರುವಾಗ ಈ ಸೋಪು ಹೆರೆಯುತ್ತಾ ಎರಡು ಗಂಟೆ ಕೂರುವುದೇಕೆ? ಬೇರಿಗೇ ಕೈ ಹಾಕಿದರೆ ಅರ್ಧ ಗಂಟೆಯಲ್ಲಿ ಮುಗಿಯಿತು. ತಲೆಮಾರುಗಳಿಂದ ಯಾರಿಗೂ ಹೊಳೆಯದ ವಿಚಾರ ನನಗೆ ಹೊಳೆದ ಖುಷಿಗೆ ಆ ವಾರ ನನಗೆ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಕಾರ್ಖಾನೆಯ ಸ್ಟೋರಿನವರನ್ನು ಕೇಳಿ ಒಂದು ಡಬ್ಬ ಕಾಸ್ಟಿಕ್ ತಂದೆ, ಬಿಳಿಯ ಚಕ್ಕೆ ಚಕ್ಕೆ. ಶನಿವಾರ ಬೆಳಗ್ಗೆ ಹಿತ್ತಿಲಿನಲ್ಲಿ ಒಲೆ ಹೂಡಿದೆ. ಅಮ್ಮ ಅಲ್ಯೂಮಿನಿಯಂ ಪಾತ್ರೆ ತಂದಿಟ್ಟಳು. ನಾನು ಬೆಚ್ಚಿಬಿದ್ದವಳ ಹಾಗೆ ಕೂಗಿದೆ, "ಅಯ್ಯೋ, ಅದು ಬೇಡ! ಕಾಸ್ಟಿಕ್ ಅಲ್ಯೂಮಿನಿಯಂನ ತಿಂದಾಕಿಬಿಡುತ್ತೆ. ಪಾತ್ರೆ ತೂತಾಗುತ್ತೆ. ಸ್ಟೀಲಿಂದು ತಾ." ಅಮ್ಮ ನನ್ನ ಜ್ಞಾನಕ್ಕೆ ಬೆರಗಾಗಿ ಸ್ಟೀಲ್ ಪಾತ್ರೆ ತಂದಳು. ಕೈಗವಸು ಹಾಕಿಕೊಂಡೆ. ಅಮ್ಮನನ್ನು ನಾಲ್ಕು ಮಾರು ದೂರ ನಿಲ್ಲಿಸಿ, "ಒಂದು ಹನಿ ಬಿದ್ದರೂ ಕೈ ಚರ್ಮ ತಿನ್ನುತ್ತೆ, ಹತ್ತಿರ ಬರಬೇಡ" ಎಂದೆ. ಚಕ್ಕೆಗಳನ್ನು ನೀರಿಗೆ ಸುರಿದೆ. ಪಟ್ಟಿನ ಗೋಂದು ಗಟ್ಟಿ ಎಂದು ಕೇಳಿದ್ದೆ, ಹಾಗಾಗಿ ಇನ್ನೂ ಎರಡು ಹಿಡಿ ಸುರಿದೆ. ನೀರು ಕುದಿ ಬಂತು. ಎಂಟು ಲಡಿಯನ್ನೂ ಒಟ್ಟಿಗೆ ಇಳಿಸಿ, ಕೋಲಿನಿಂದ ಒತ್ತಿ ಮುಳುಗಿಸಿದೆ.

ಹತ್ತು ನಿಮಿಷಕ್ಕೆ ಒಂದು ವಾಸನೆ ಎದ್ದಿತು. ಮುಂದಿನ ಕೋಣೆಯಿಂದ ಅಜ್ಜಿಯ ಕೂಗು ಬಂತು. "ಅಮ್ಮಿಣೀ, ಅದೇನು ಬೇಯ್ತಾ ಐತೆ? ಪಟ್ಟು ಬೇಯೋ ವಾಸನೆ ಅಲ್ಲ ಅದು."

"ಇದು ಹೊಸ ವಿಧಾನ ಅಜ್ಜಿ, ಸುಮ್ನಿರು!"

ಇಪ್ಪತ್ತು ನಿಮಿಷಕ್ಕೆ ಲಡಿ ತಿರುಗಿಸೋಣ ಎಂದು ಕೋಲು ಹಾಕಿ ಎತ್ತಿದೆ. ಕೋಲು ಹಗುರವಾಗಿ ಮೇಲೆ ಬಂತು, ತುದಿಯಿಂದ ಲೋಳೆಯ ಹಾಗೆ ಏನೋ ತೊಟ್ಟಿಕ್ಕಿತು. ಲಡಿ ಇಲ್ಲ. ತಳಕ್ಕೆ ಹೋಗಿರಬೇಕು ಎಂದು ತಳ ಕೆದಕಿದೆ. ತಳದಲ್ಲಿ ಪಾತ್ರೆಯೇ ಇತ್ತು. ಸುತ್ತ ತಿರುಗಿಸಿದೆ. ಎಂಟು ಲಡಿ ಪಟ್ಟು, ನನ್ನ ಮುಹೂರ್ತದ ಸೀರೆಯ ಹೊಕ್ಕು, ತಂದು ಚೌಡಮ್ಮನ ಮುಂದಿಟ್ಟದ್ದು, ಒಂದು ಎಳೆ ಕೂಡ ಕೋಲಿಗೆ ಸಿಗಲಿಲ್ಲ. ಪಾತ್ರೆಯಲ್ಲಿ ತಿಳಿ ಹಳದಿಯ ನೀರು, ನೆನ್ನೆಯ ಗಂಜಿಯ ಹಾಗೆ. ನಾನು ಒಲೆಯ ಪಕ್ಕದಲ್ಲೂ ಒಮ್ಮೆ ನೋಡಿದೆ, ಎಲ್ಲಾದರೂ ಹೊರಗೆ ಬಿದ್ದಿದೆಯೇ ಎಂದು.

ಅಮ್ಮ ನಾಲ್ಕು ಮಾರು ದೂರದಿಂದ "ಬೆಂತಾ?" ಎಂದು ಕೇಳಿದಳು.

ನಾನು ಇನ್ನೊಮ್ಮೆ ತಳ ಕೆದಕಿದೆ. ಡಾಕ್ಟರಮ್ಮನ ಮಾತು ಗಾಳಿಗೆ ತೂರಿ ಅಜ್ಜಿ ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದು ನಿಂತಳು. "ಪಟ್ಟು ಎಲ್ಲಿ?" ಎಂದಳು.

ಇಲ್ಲಿ ನಾನು "ಹಾಳಾಯಿತು ಅಜ್ಜಿ, ತಪ್ಪಾಯಿತು" ಎನ್ನಬಹುದಿತ್ತು. ಆದರೆ ಬಿಳಿ ಕೋಟಿನ ಅಭ್ಯಾಸ. ಬಾಯಿ ತಾನಾಗಿ ಪಾಠ ಶುರುಮಾಡಿತು. "ಅಜ್ಜಿ, ಅದು ಎಲ್ಲೂ ಹೋಗಿಲ್ಲ. ವಸ್ತು ನಾಶ ಆಗಲ್ಲ. ಒಂದು ಪರಮಾಣು ಕೂಡ ಕಡಿಮೆ ಆಗಿಲ್ಲ. ಬಂಧ ಮಾತ್ರ ಬಿಟ್ಟಿದೆ. ಪಟ್ಟು ಪೂರ್ತಿ ಈ ಪಾತ್ರೆಯಲ್ಲೇ ಇದೆ."

ಅಜ್ಜಿ ಕಪ್ಪು ಕನ್ನಡಕದೊಳಗಿಂದ ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂಗಾದ್ರೆ ಅದನ್ನೇ ನೇಯಿ" ಎಂದಳು.

ಅಪ್ಪ ಮಗ್ಗದಿಂದ ಎದ್ದು ಬಂದು ಪಾತ್ರೆಯೊಳಗೆ ಇಣುಕಿ, ಹೋಗಿ ಮತ್ತೆ ಹೊಕ್ಕಿಲ್ಲದ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಅಮ್ಮ ಸೆರಗು ಬಾಯಿಗೆ ಒತ್ತಿ ಅಳಲು ಶುರುಮಾಡಿ, ಅಳುವಿನ ನಡುವೆ, "ಅಲ್ಯೂಮಿನಿಯಂ ಪಾತ್ರೆ ಒಂದು ಉಳೀತು" ಎಂದಳು. ಅವಳು ಅದನ್ನು ಚುಚ್ಚುವುದಕ್ಕೆ ಹೇಳಲಿಲ್ಲ, ನಿಜವಾಗಿಯೂ ಸಮಾಧಾನಕ್ಕೆ ಹೇಳಿದಳು. ಅದೇ ನನಗೆ ಹೆಚ್ಚು ಚುಚ್ಚಿತು. ನಾನು ಹಟ ಬಿಡದೆ ಐದು ನಿಂಬೆಹಣ್ಣು ಹಿಂಡಿ, ಕಾಸ್ಟಿಕ್ಕಿನ ಶಕ್ತಿ ಇಳಿದರೆ ಏನಾದರೂ ತಿರುಗಿ ಕೂಡಿಕೊಂಡೀತೇ ಎಂದು ನೋಡಿದೆ. ನಿಂಬೆಹಣ್ಣು ದಂಡವಾಯಿತು.

ಆ ಪಾತ್ರೆಯನ್ನು ಚೆಲ್ಲಲು ಅಜ್ಜಿ ಬಿಡಲಿಲ್ಲ. ಮುಚ್ಚಳ ಮುಚ್ಚಿ ಹಿತ್ತಿಲ ಮೂಲೆಯಲ್ಲಿ ಇಡಿಸಿದಳು. ಸುದ್ದಿ ಕೇಳಿ ನೆಂಟರು ಒಬ್ಬೊಬ್ಬರಾಗಿ ಬಂದರು, ಸಾವಿನ ಮನೆಗೆ ಬಂದ ಹಾಗೆ ಮುಖ ಸಣ್ಣ ಮಾಡಿಕೊಂಡು. ಅಜ್ಜಿ ಪ್ರತಿಯೊಬ್ಬರನ್ನೂ ಕರೆದುಕೊಂಡು ಹೋಗಿ ಮುಚ್ಚಳ ತೆಗೆಸಿ, "ನೋಡಿ, ಇದ್ರೊಳಗೆ ಎಂಟು ಲಡಿ ಪಟ್ಟು ಐತೆ. ಒಂದು ಚೂರೂ ಕಮ್ಮಿ ಆಗಿಲ್ಲ. ನಮ್ಮ ಅಮ್ಮಿಣಿ ಯೋಳಿದಾಳೆ" ಎನ್ನುತ್ತಿದ್ದಳು. ಒಬ್ಬ ದೊಡ್ಡಪ್ಪ ನಿಜವಾಗಿಯೂ ಬಗ್ಗಿ ಹುಡುಕಿದ. ಗಾಯದ ಮೇಲೆ ಉಪ್ಪು ಸವರುವುದು ಎಂದರೆ ಇದೇ. ಆ ಉಪ್ಪಿನ ಸೂತ್ರವೂ ನನಗೆ ಗೊತ್ತಿತ್ತು.

ನಗು ಹೊರಗೆ. ಒಳಗೆ ಮಾತ್ರ ನಾನು ದಿನ ಎಣಿಸುತ್ತಿದ್ದೆ. ಮುಹೂರ್ತಕ್ಕೆ ಸೀರೆಯಿಲ್ಲ. ಹೊಸ ನೂಲು ಕೊಂಡರೆ ಎರಡು ಮದುವೆಯ ಶಾಸ್ತ್ರ. ಅದು ಮೂಢನಂಬಿಕೆ ಎಂದು ನಾನೇ ಅಪ್ಪನಿಗೆ ವಾದಿಸಿದೆ. ಅಪ್ಪ, "ಪಟ್ಟು ಬೇಯ್ಸೋದೂ ನಿನಗೆ ಮೂಢನಂಬಿಕೆ ಆಗಿತ್ತು" ಎಂದ. ಕಾಂಗೇಯಂಗೆ ಸುದ್ದಿ ಬೇರೆಯವರಿಂದ ಹೋಗುವ ಮೊದಲು ನಾನೇ ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ನಗು, ನಿಲ್ಲದ ನಗು.

"ನಗಬೇಡಿ. ಮತ್ತೆ ನೂಲು ಕೊಂಡರೆ ನನಗೆ ಎರಡು ಮದುವೆ ಆಗುತ್ತಂತೆ" ಎಂದೆ.

"ಎರಡನೇದೂ ನನ್ನ ಜೊತೆನೇ ಅಂದ್ರೆ ನಮ್ಮ ಮನೇಲಿ ಒಪ್ತಾರೆ. ಊಟದ ಎಣ್ಣೆ ಎಂಗೂ ನಮ್ದೇ" ಎಂದರು. ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಫೋನ್ ಇಟ್ಟು ನಾನು ಬಚ್ಚಲಿಗೆ ಹೋಗಿ ಅತ್ತೆ. ಅವರ ತಾಯಿ ಒಳ್ಳೆಯ ಮನಸ್ಸಿನಿಂದಲೇ, ಅಂಗಡಿಯ ಸೀರೆಯಾದರೂ ತಮಗೆ ಅಡ್ಡಿಯಿಲ್ಲ ಎಂದು ಹೇಳಿಕಳಿಸಿದರು. ಅದನ್ನು ಕೇಳಿದ ಅಜ್ಜಿಯ ಮುಖ ಕಪ್ಪು ಕನ್ನಡಕದ ಸುತ್ತಲೂ ಬಿಗಿಯಿತು. ಅವಳ ಮನೆಯಿಂದ ಒಬ್ಬ ಮಗಳೂ ಅಂಗಡಿ ಸೀರೆಯಲ್ಲಿ ಹಸೆಮಣೆ ಏರಿದ್ದಿಲ್ಲ.

ಮಾರನೆಯ ದಿನ ಬೆಳಗ್ಗೆ ಅಜ್ಜಿ ನನ್ನನ್ನು ಕರೆದು, "ಮಂಚದ ಕೆಳಗಿನ ಪೆಟ್ಟಿಗೆ ಎಳಿ" ಎಂದಳು. ನಾನು ಕದಲಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಳು. ಅಜ್ಜಿ ತಾನೇ ಬಗ್ಗಿ ಎಳೆಯಹೋದಾಗ, ಕಣ್ಣಿಗೆ ಅದು ಕೂಡದು ಎಂದು ನಾನು ಎಳೆದು ತೆರೆದೆ. ಒಣಗಿದ ಬೇವಿನ ಎಲೆಯ ನಡುವೆ ಒಂಬತ್ತು ಲಡಿ.

"ಎಂಟು ತಗೋ. ಮನೇಲಿದ್ದ ನೂಲೇ. ಕೊಂಡಿದ್ದಲ್ಲ."

"ಅಜ್ಜಿ, ಇದು ನಿನ್ನ..."

"ಗೊತ್ತು ನಂದು ಅಂತ. ಇನ್ನೇನು ಮಾಡ್ಲಿ, ಆ ಪಾತ್ರೆ ನೀರನ್ನ ಮೈಮೇಲೆ ಉಯ್ಕೊಂಡು ಓಗ್ಲಾ?" ಎಂದಳು. ಆಮೇಲೆ ಲಡಿಗಳನ್ನು ನನ್ನ ಮಡಿಲಿಗೆ ಹಾಕುತ್ತಾ, "ಸುಮ್ಮಾ ಮುಖ ಬಾಡಿಸ್ಬೇಡ ಅಮ್ಮಿಣಿ. ಇನ್ನು ನಾನು ಸಾಯೋ ಅಂಗಿಲ್ಲ, ಅಷ್ಟೇ. ಮತ್ತೆ ಮೊದಲಿಂದ ಸೇರಿಸ್ಬೇಕು" ಎಂದಳು. ಅಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿತು.

ಎರಡನೇ ಸಲ ಬೇಯಿಸುವಾಗ ಅಜ್ಜಿ ಹೊಗೆ ತಾಗದಷ್ಟು ದೂರದಲ್ಲಿ, ನುಗ್ಗೆಮರದ ಕೆಳಗೆ ಸ್ಟೂಲಿನ ಮೇಲೆ ಕೂತಳು. ಹೊಳೆಯಿಂದ ನೀರು ನಾನೇ ಹೊತ್ತು ತಂದೆ. ಸೋಪು ನಾನೇ ಹೆರೆದೆ. ಹೆರೆಯುತ್ತಿರುವಾಗ ಅಜ್ಜಿ ಆರಾಮಾಗಿ ಕೇಳಿದಳು, "ಅಮ್ಮಿಣಿ, ನೀನು ಆವತ್ತು ಕೈಗೆ ಉಡುಪು ಯಾಕೆ ಆಕ್ಕೊಂಡಿದ್ದೆ?"

"ಕಾಸ್ಟಿಕ್ ಕೈ ತಿನ್ನುತ್ತೆ ಅಜ್ಜಿ."

"ಪಟ್ಟು ಎಲ್ಲಿಂದ ಬಂತು? ಗಿಡದಿಂದಲಾ?"

"ಹುಳದಿಂದ."

"ಹುಳದ ಮೈಯಿಂದ ಬಂದದ್ದು. ಹತ್ತಿ ಅಂಗಲ್ಲ, ಗಿಡದ್ದು. ನಿನ್ನ ಮೈ ತಿನ್ನೋದು ಅದರ ಮೈಯಿಂದ ಬಂದದ್ದನ್ನ ಬಿಡುತ್ತಾ?"

ಕತ್ತಿ ನನ್ನ ಕೈಯಲ್ಲಿ ನಿಂತಿತು. ಹತ್ತಿ ಸೆಲ್ಯುಲೋಸು, ಪಟ್ಟು ಪ್ರೋಟೀನು. ಚರ್ಮವೂ ಪ್ರೋಟೀನು, ಕೂದಲೂ ಪ್ರೋಟೀನು. ಕಣಕ್ಕೆ ಕಣ ಕೊಂಡಿ ಹಾಕಿಕೊಂಡ ಉದ್ದ ಸರಪಳಿ ಅದು, ಕಾಸ್ಟಿಕ್ ಆ ಕೊಂಡಿಗಳನ್ನೇ ಕತ್ತರಿಸುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಪಾತ್ರೆಯ ಲೋಹ ಯಾವುದು ಎಂದು ಯೋಚಿಸಿದವಳು, ಪಾತ್ರೆಯೊಳಗೆ ಹಾಕುವುದು ಏನು ಎಂದು ಯೋಚಿಸಿರಲಿಲ್ಲ.

"ಆದರೂ ಅಜ್ಜಿ, ಸೋಪಲ್ಲೂ ಕಾಸ್ಟಿಕ್ ಇದೆ" ಎಂದೆ, ಸೋಲು ಒಪ್ಪಲು ಮನಸ್ಸಿಲ್ಲದೆ.

"ಎಣ್ಣೆ ಸೇರಿದ ಮ್ಯಾಕೆ ಅದು ಬೇರೆ ವಸ್ತು. ಹಳೆ ಗುಣ ಉಳಿಯಲ್ಲ" ಎಂದಳು ಅಜ್ಜಿ. ಜಗಲಿಯ ಮೇಲೆ ನಾನು ಬಿಟ್ಟ ಆ ತಾಳ್ಮೆಯ ಉಸಿರನ್ನೂ ಹಾಗೇ ಬಿಟ್ಟಳು. "ಇಷ್ಟೂ ತಿಳೀಬಾರದಾ?"

ಎರಡು ಗಂಟೆ ಅವಳು ವಾಸನೆಯಲ್ಲೇ ಒಲೆ ನಡೆಸಿದಳು. "ಉರಿ ಕಮ್ಮಿ ಮಾಡು. ಈಗ ತಿರುಗ್ಸು. ಇನ್ನೂ ಗೋಂದಿನ ವಾಸನೆ ಐತೆ, ಬಿಡು." ಕೊನೆಗೆ ತೆಗೆಸಿ, ಬೆಚ್ಚನೆಯ ನೀರಲ್ಲಿ ಜಾಲಿಸಿ, ತಣ್ಣೀರಲ್ಲಿ ಜಾಲಿಸಿ, ನಿಂಬೆಹಣ್ಣಿನ ಹುಳಿಯಲ್ಲಿ ಅದ್ದಿಸಿದಳು. ಒಂದು ಲಡಿಯನ್ನು ಒಣಗಿಸಿ ತರಲು ಹೇಳಿದಳು. ಕನ್ನಡಕ ತೆಗೆಯುವ ಹಾಗಿಲ್ಲ, ತೆಗೆದರೂ ಕಣ್ಣು ಇನ್ನೂ ಮಂಜು. ಲಡಿಯನ್ನು ಕಿವಿಯ ಹತ್ತಿರ ಹಿಡಿದು ಮುಷ್ಟಿಯಲ್ಲಿ ಹಿಂಡಿದಳು. ಕರ್ ಕರ್ ಎಂದು ಸಣ್ಣ ಸದ್ದು ಬಂತು, ಹೊಸ ಮರಳಿನ ಮೇಲೆ ಹೆಜ್ಜೆ ಇಟ್ಟ ಹಾಗೆ. ಹದವಾಗಿ ಬೆಂದು ಹುಳಿ ಕಂಡ ಪಟ್ಟು ಹಾಗೆ ಮಾತಾಡುತ್ತದೆ. ಅವಳು ಲಡಿಯನ್ನು ನನ್ನ ಕಿವಿಗೂ ಹಿಡಿದು ಹಿಂಡಿದಳು.

"ಕೇಳ್ತಾ?"

"ಕೇಳ್ತು."

"ಇದನ್ನ ನಿಮ್ಮ ಲ್ಯಾಬಲ್ಲಿ ಯೋಳ್ಕೊಟ್ಟಿಲ್ವಾ?" ಎಂದಳು. ಆಮೇಲೆ, ಅಷ್ಟೂ ವರ್ಷ ಯಾರಿಗೂ ಮುಟ್ಟಗೊಡದ ಆ ಕೋಲನ್ನು ನನ್ನ ಕೈಯಲ್ಲೇ ಬಿಟ್ಟು ಒಳಗೆ ಹೋದಳು.

ಅಪ್ಪ ರಾತ್ರಿ ಹಗಲೆನ್ನದೆ ನೇಯ್ದ. ಮುಹೂರ್ತಕ್ಕೆ ಮೂರು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಹಸೆಮಣೆಯ ಮೇಲೆ ನಾನು ಕೂತಾಗ, ಎದ್ದಾಗ, ಸೀರೆ ಕರ್ ಎನ್ನುತ್ತಿತ್ತು. ನಾದಸ್ವರದ ನಡುವೆ ಅದು ಬೇರೆ ಯಾರಿಗೂ ಕೇಳಿಸಲಿಲ್ಲ, ಮುಂದಿನ ಸಾಲಿನ ಅಜ್ಜಿ ಮಾತ್ರ ಪ್ರತಿ ಸಲ ತಲೆಯಾಡಿಸಿದಳು. ಅವಳು ಮಾಪ್ಪಿಳ್ಳೆಯ ಮುಖವನ್ನೂ ಹೊಸ ಕಣ್ಣಿನಿಂದ ಚೆನ್ನಾಗಿ ನೋಡಿ, "ಪರವಾಯಿಲ್ಲ" ಎಂದಳು. ಅತ್ತೆಯ ಮನೆಯಿಂದ ಬಂದ ತಟ್ಟೆಗಳಲ್ಲಿ ಹಣ್ಣು,  ಹೂವು, ಬಳೆಯ ಜೊತೆಗೆ ಮಿಲ್ಲಿನ ಎಣ್ಣೆಯಲ್ಲಿ ಮಾಡಿಸಿದ ಸೋಪು ಒಂದು ತಟ್ಟೆ ತುಂಬ ಇತ್ತು. ಯಾರ ಯೋಚನೆ ಎಂದು ಕೇಳುವ ಅಗತ್ಯವಿರಲಿಲ್ಲ, ಪಕ್ಕದಲ್ಲಿ ಕೂತವರ ಭುಜ ನಗುವಿನಿಂದ ಅಲುಗುತ್ತಿತ್ತು.

ಈಗ ನಾಲ್ಕು ವರ್ಷವಾಯಿತು. ನಾವು ತಿರುಪ್ಪೂರಿನಲ್ಲಿದ್ದೇವೆ, ಅವರು ಕಾಂಗೇಯಂಗೆ ದಿನಾ ಹೋಗಿ ಬರುತ್ತಾರೆ, ನಾನು ಅದೇ ಲ್ಯಾಬಿನಲ್ಲಿದ್ದೇನೆ. ಊರಿನಲ್ಲಿ ಅಜ್ಜಿ ಪೆಟ್ಟಿಗೆಗೆ ಮತ್ತೆ ಲಡಿ ಸೇರಿಸುತ್ತಿದ್ದಾಳೆ. ಒಳ್ಳೆಯ ನೂಲು ಬಂದಾಗ ಒಂದು, ಬೇವಿನ ಎಲೆಯ ನಡುವೆ. ನಾನು ಹೋದಾಗ ಪೆಟ್ಟಿಗೆ ತೆಗೆಸಿ ಎಣಿಸುತ್ತಾಳೆ. "ಇನ್ನೂ ಸಾಲ್ದು" ಎಂದು ನಿಟ್ಟುಸಿರು ಬಿಡುತ್ತಾಳೆ. "ಎಷ್ಟು ಸೇರಿಸಿದ್ರೂ ಅಷ್ಟೇ ಇರುತ್ತೆ. ಏನು ಮಾಯವೋ."

ಮಾಯ ನನ್ನದು. ಪ್ರತಿ ಸಲ ಊರಿಂದ ಹೊರಡುವಾಗ ಒಂದು ಲಡಿಯನ್ನು ಕದ್ದು ಚೀಲದ ತಳಕ್ಕೆ ಸೇರಿಸಿಕೊಂಡು ಬರುತ್ತೇನೆ. ತಿರುಪ್ಪೂರಿನ ನಮ್ಮ ಕಪಾಟಿನಲ್ಲಿ ಈಗ ಹದಿಮೂರು ಲಡಿ ಇವೆ, ಮೇಲೆ ಬೇವಿನ ಎಲೆ ಕೂಡ ಹಾಕಿದ್ದೇನೆ. ವಸ್ತು ನಾಶವಾಗುವುದಿಲ್ಲ, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೆ. ರಸಾಯನಶಾಸ್ತ್ರ ನನ್ನ ಕೈ ಹಿಡಿದ ಒಂದೇ ಜಾಗ ಇದು. ಅಜ್ಜಿ ತಾನೇ ಹೇಳಿದ್ದಾಳೆ, ಪೂರ್ತಿ ಸೇರುವವರೆಗೆ ಸಾಯುವ ಹಾಗಿಲ್ಲ ಎಂದು. ಪೂರ್ತಿ ಸೇರಲು ನಾನು ಬಿಡುವುದಿಲ್ಲ.

ಕಳೆದ ಪೊಂಗಲ್‌ಗೆ ಹೋಗಿದ್ದೆ. ಮಧ್ಯಾಹ್ನ ಊಟವಾಗಿ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಸಣ್ಣಗೆ ಗೊರಕೆಯೂ ಇತ್ತು. ಬಸ್ಸಿಗೆ ಹೊತ್ತಾಗಿತ್ತು. ನಾನು ಸದ್ದಿಲ್ಲದೆ ಬಗ್ಗಿ ಪೆಟ್ಟಿಗೆ ಎಳೆದು, ಮುಚ್ಚಳ ಎತ್ತಿ, ಮೇಲಿದ್ದ ಲಡಿಗೆ ಕೈ ಹಾಕಿದೆ. ಗೊರಕೆ ನಿಂತಿತು.

"ಮೇಲಿಂದು ಬೇಡ ಅಮ್ಮಿಣಿ, ಅದ್ರ ನೂಲು ಸರಿಯಿಲ್ಲ" ಎಂದಳು ಅಜ್ಜಿ, ಗೋಡೆಯ ಕಡೆಯಿಂದ ತಿರುಗದೆ. "ಕೆಳಗಿಂದ ತಗೋ."

ನಾನು ಕೆಳಗಿನದನ್ನೇ ತೆಗೆದುಕೊಂಡೆ.